ಪೆಟ್ಟು ತಿಂದ ಲಾರಿ ಟೈರು: ಇನ್ನೂ ಓಡಿಸಬಹುದಾ, ಇಳಿಸಲೇಬೇಕಾ?

ಹೋದ ವರ್ಷ ದೀಪಾವಳಿ ಕಳೆದ ಮೇಲೆ ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ಬೆಂಗಳೂರು ಕಡೆ ಹೊರಟಿದ್ದೆವು. ಭರಮಸಾಗರದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಎಡಗಡೆ ಹಿಂದಿನ ಜೋಡಿ ಚಕ್ರದ ಹೊರಟೈರಿನ ಸೈಡಿನಲ್ಲಿ ಕಿರುಬೆರಳಷ್ಟು ಉದ್ದದ ಸೀಳು ಕಾಣಿಸಿತು. ಡ್ರೈವರ್ ಬಗ್ಗಿ ನೋಡಿದ. "ಹೊಸ ಟೈರು ಅಣ್ಣಾರೆ, ಮೇಲಿನ ರಬ್ಬರ್ ಅಷ್ಟೇ ಹರಿದೈತಿ. ಎರಡು ಟ್ರಿಪ್ ನಡೀತೈತಿ ಬಿಡ್ರಿ" ಅಂದ. ನನಗೂ ಹಾಗೇ ಅನ್ನಿಸಿತ್ತು. ಆದರೂ ಬಾಟಲಿ ನೀರು ಹಾಕಿ ತೊಳೆದು, ಮೊಬೈಲ್ ಟಾರ್ಚ್ ಹಿಡಿದು, ಖಾಲಿ ರೀಫಿಲ್ಲಿನ ತುದಿಯನ್ನು ಸೀಳಿನೊಳಗೆ ಮೆಲ್ಲಗೆ ಆಡಿಸಿದೆ. ರಬ್ಬರಿನ ಮೆತ್ತನೆ ಸಿಗುತ್ತಾ ಹೋಗಿ, ಒಂದು ಕಡೆ ಗರಗರ ಅಂತ ತಾಗಿತು. ಅದು ತಂತಿ. ಅಲ್ಲೇ ಜಾಕಿ ಏರಿಸಿ ಸ್ಟೆಪ್ನಿ ಹಾಕಿದೆವು.

ಟೈರಿಗೆ ಪೆಟ್ಟು ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಹರಿದಿದ್ದು ಬರೀ ರಬ್ಬರಾ, ಅಥವಾ ಒಳಗಿನ ತಂತಿಗೋ ದಾರಕ್ಕೋ ಮುಟ್ಟಿದೆಯಾ? ಸೀಳಿನ ಉದ್ದ ನೋಡಿ ತೀರ್ಮಾನ ಮಾಡುವವರು ಜಾಸ್ತಿ. ಉದ್ದ ಮುಖ್ಯ ಅಲ್ಲ, ಆಳ ಮುಖ್ಯ. ಗೇಣುದ್ದದ ಗೀರು ಮೇಲಿನ ರಬ್ಬರಿನಲ್ಲೇ ನಿಂತಿದ್ದರೆ ಆ ಟೈರು ಓಡುತ್ತದೆ. ಬೆರಳಿನ ಉಗುರಿನಷ್ಟು ಸೀಳು ತಂತಿ ಮುಟ್ಟಿದ್ದರೆ ಓಡಿಸಬಾರದು.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಲಾರಿಗಳಲ್ಲಿ ಜಾಸ್ತಿ ಕಾಣುವ 10.00ಆರ್20, 16 ಪ್ಲೈ (ಇದು ಬಲದ ಅಳತೆ, ಪದರಗಳ ಎಣಿಕೆ ಅಲ್ಲ) ರೇಡಿಯಲ್ ಟೈರಿಗೆ ಫುಲ್ ಲೋಡಿನಲ್ಲಿ 120 ಪೌಂಡ್ ಸುಮಾರಿನ ಗಾಳಿ ಇರುತ್ತದೆ. ಅಂಗಡಿಯಲ್ಲಿ ಪೌಂಡ್ ಅಂತೀವಲ್ಲ, ಅದೇ ಪಿಎಸ್‌ಐ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಎಂಟು ಕಿಲೋಗಿಂತ ಜಾಸ್ತಿ ಒತ್ತಡ. ಅಂಗೈ ಅಗಲದ ಜಾಗ, ಹತ್ತು ಸೆಂಟಿಮೀಟರ್ ಉದ್ದ ಹತ್ತು ಅಗಲ ಅಂದುಕೊಳ್ಳಿ, ಅಷ್ಟರ ಮೇಲೇ ಒಳಗಿನಿಂದ ಎಂಟುನೂರು ಕಿಲೋಗೂ ಮೀರಿದ ಗಾಳಿ ಒತ್ತುತ್ತಾ ಇರುತ್ತದೆ. ಅದನ್ನು ತಡೆದು ನಿಂತಿರುವುದು ರಬ್ಬರ್ ಅಲ್ಲ, ಒಳಗಿನ ಎಳೆಗಳು. ರೇಡಿಯಲ್ ಲಾರಿ ಟೈರಿನ ಸೈಡಿನಲ್ಲಿ ಈ ಕಡೆ ಬೀಡಿನಿಂದ (ರಿಮ್ಮಿಗೆ ಕೂರುವ ಅಂಚು) ಆ ಕಡೆ ಬೀಡಿಗೆ ಹೋಗುವ ಉಕ್ಕಿನ ತಂತಿ ಒಂದೇ ಪದರ. ನೈಲಾನ್ ಟೈರಿನಲ್ಲಿ ದಾರದ ಪದರಗಳು ಹಲವು, ಒಂದರ ಮೇಲೊಂದು ಅಡ್ಡಡ್ಡ ಕೂತಿರುತ್ತವೆ. ಅದಕ್ಕೇ ಹಳೇ ನೈಲಾನ್ ಟೈರು ಓಡಿಸಿದವರಿಗೆ ಸೈಡ್ ಕಟ್ ಅಂದರೆ ಅಷ್ಟು ಭಯ ಇಲ್ಲ. ಆ ಧೈರ್ಯವನ್ನು ರೇಡಿಯಲ್ಲಿಗೆ ತರಬೇಡಿ.

ಸೀಳನ್ನು ನೋಡುವ ರೀತಿ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹೈವೇ ಅಂಚಿನಲ್ಲಿ ಬೇಡ. ಬಂಕೋ ಢಾಬಾನೋ ಸಿಗುವವರೆಗೆ ನಿಧಾನಕ್ಕೆ ಹೋಗುವ ಸ್ಥಿತಿ ಇದ್ದರೆ ಅಲ್ಲಿಗೆ ಹೋಗಿ. ಸೀಳಿನ ಮಣ್ಣು ತೊಳೆದು ಒರೆಸಿ. ಭೀಮಸಮುದ್ರ, ಹೊಳಲ್ಕೆರೆ ಕಡೆ ಮೈನಿಂಗ್ ರೋಡಿನಲ್ಲಿ ಓಡುವ ಗಾಡಿಗಳಲ್ಲಿ ಕೆಂಪು ಧೂಳು ಸೀಳಿನಲ್ಲಿ ಗಟ್ಟಿಯಾಗಿ ಕೂತು, ತುಕ್ಕನ್ನೂ ಮುಚ್ಚಿಬಿಡುತ್ತದೆ. ತೊಳೆದ ಮೇಲೂ ಕೆಂಪು ಕಂದು ಬಣ್ಣ ಅಲ್ಲೇ ಉಳಿದರೆ ಅದು ಧೂಳಲ್ಲ, ತುಕ್ಕು.

ಚೂಪಾದ ಮೊಳೆ, ಸ್ಕ್ರೂ ಡ್ರೈವರ್ ಹಾಕಿ ಕೆದಕಬೇಡಿ. ಮೊಂಡು ತುದಿಯ ಕಡ್ಡಿಯೇ ಸಾಕು. ಒಳಗೆ ಕಪ್ಪಗೆ, ಒಂದೇ ಸಮ, ಮೆತ್ತಗೆ ಇದ್ದರೆ ರಬ್ಬರ್. ಹೊಳಪು, ಕಂದು ಗೆರೆ, ಗರಗರ ಅನ್ನುವ ತಾಗು ಇದ್ದರೆ ತಂತಿ. ನೈಲಾನ್ ಆದರೆ ಬೆಳ್ಳಗಿನ ನೂಲಿನ ಎಳೆ ಕಾಣುತ್ತದೆ, ಕೆಲವೊಮ್ಮೆ ಹಿಂಜಿದ ಗೋಣಿಚೀಲದ ಅಂಚಿನ ಹಾಗೆ. ಆಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ, ಬೇರೆ ಪರೀಕ್ಷೆ ಬೇಕಿಲ್ಲ.

ಸೈಡಿನ ಸೀಳು ತಂತಿ ಮುಟ್ಟಿಲ್ಲ ಅಂತ ಖಾತ್ರಿ ಆದರೆ, ಸೀಳಿನ ಎರಡೂ ತುದಿಗೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ. ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ದಾವಣಗೆರೆಯಲ್ಲಿ ಗೆರೆ ಹಾಕಿದರೆ ಚಿತ್ರದುರ್ಗದ ಹತ್ತಿರ ಬಂದಾಗ ನೋಡಿದಂತೆ. ಸೀಳು ಗೆರೆ ದಾಟಿದ್ದರೆ ಅಥವಾ ಬಾಯಿ ಬಿಟ್ಟಿದ್ದರೆ ಇಳಿಸಿ. ಗೆರೆಯೊಳಗೇ ಇದ್ದರೆ ಹಿಂದಿನ ಚಕ್ರದಲ್ಲಿ ಮುಂದುವರಿಸಬಹುದು. ದಿನಾ ಒಂದು ಸಲ ಕಣ್ಣು ಹಾಯಿಸಬೇಕು, ಅಷ್ಟೇ.

ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಭಾಗದ, ಸೀಳಿಗೆ ಸ್ವಲ್ಪ ಜಾಸ್ತಿ ಅವಕಾಶ ಇದೆ. ಅಲ್ಲಿ ರಬ್ಬರ್ ದಪ್ಪ, ಕೆಳಗೆ ಉಕ್ಕಿನ ಬೆಲ್ಟಿನ ಪದರಗಳಿವೆ. ಕ್ರಷರ್ ಜಲ್ಲಿ ತುಳಿದು ಟ್ರೆಡ್ ಅಲ್ಲಲ್ಲಿ ಕಿತ್ತುಹೋಗುವುದು ನಮ್ಮ ಕಡೆ ದಿನದ ಮಾತು. ಸಿಕ್ಕಿಕೊಂಡ ಕಲ್ಲನ್ನು ತೆಗೆದುಬಿಡಿ. ಬಿಟ್ಟರೆ ಅದು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಒಳಗೆ ಕೊರೆಯುತ್ತದೆ. ಆದರೆ ಸೀಳು ಬೆಲ್ಟಿನ ತಂತಿ ಮುಟ್ಟಿದ್ದರೆ ಮಳೆಗಾಲದಲ್ಲಿ ನೀರು ಇಳಿದು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಗೂ ರಬ್ಬರಿಗೂ ಹಿಡಿತ ತಪ್ಪುತ್ತದೆ. ಆಮೇಲೆ ಒಂದು ದಿನ ಪಟ್ಟಿಯೇ ಎದ್ದುಹೋಗುತ್ತದೆ. ತಂತಿ ಕಂಡ ಟ್ರೆಡ್ ಸೀಳನ್ನು ಬೇಗ ವಲ್ಕನೈಸಿಂಗ್ (ರಬ್ಬರನ್ನು ಕಾಯಿಸಿ ಬೆಸೆಯುವ) ಅಂಗಡಿಗೆ ತೋರಿಸಿದರೆ ಕೇಸಿಂಗ್, ಅಂದರೆ ಟೈರಿನ ಒಳದೇಹ, ಉಳಿಯುವ ಸಾಧ್ಯತೆ ಇದೆ.

ಉಬ್ಬು

ಉಬ್ಬಿನ ವಿಷಯದಲ್ಲಿ ಚರ್ಚೆಯೇ ಬೇಡ. ಸೈಡಿನಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿದ್ದರೆ ಅಲ್ಲಿ ತಂತಿ ಮುರಿದಿದೆ ಅಥವಾ ಪದರ ಬಿಟ್ಟು ನಡುವೆ ಗಾಳಿ ಹೊಕ್ಕಿದೆ. ಗುಂಡಿಗೆ ಜೋರಾಗಿ ಇಳಿದಾಗ, ಡಿವೈಡರಿನ ಕಲ್ಲಿಗೆ ಒತ್ತಿದಾಗ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹೀಗಾಗುತ್ತದೆ. ಮೇಲೆ ಒಂದು ಗೀರೂ ಇರುವುದಿಲ್ಲ, ಅದೇ ಮೋಸ. ಗಾಳಿ ಕಡಿಮೆ ಮಾಡಿದರೆ ಉಬ್ಬು ಇಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಇಳಿಯುವುದು ಉಬ್ಬು ಮಾತ್ರ, ಮುರಿದ ತಂತಿ ಕೂಡಿಕೊಳ್ಳುವುದಿಲ್ಲ. ಮೇಲಾಗಿ ಗಾಳಿ ಕಡಿಮೆಯಾದ ಟೈರು ಬಿಸಿಯಾಗಿ ಇನ್ನೂ ಬೇಗ ಹೊಡೆಯುತ್ತದೆ.

ನೈಲಾನಿನಿಂದ ರೇಡಿಯಲ್ಲಿಗೆ ಬಂದವರಿಗೆ ಒಂದು ಮಾತು. ಲೋಡ್ ಬಿದ್ದ ರೇಡಿಯಲ್ ಟೈರು ನೆಲಕ್ಕೆ ತಾಗುವ ಕಡೆ ಹೊಟ್ಟೆ ಬಿಟ್ಟ ಹಾಗೆ ಕಾಣುತ್ತದೆ. ಅದು ಅದರ ಸಹಜ ರೂಪ. ಗಾಡಿ ಸ್ವಲ್ಪ ಮುಂದೆ ಹೋದರೆ ಆ ಹೊಟ್ಟೆ ಟೈರಿನ ಬೇರೆ ಭಾಗಕ್ಕೆ ಬರುತ್ತದೆ. ದೋಷದ ಉಬ್ಬು ಹಾಗಲ್ಲ. ಚಕ್ರ ಅರ್ಧ ಸುತ್ತಿ ಮೇಲೆ ಹೋದರೂ ಅದು ಅದೇ ಜಾಗದಲ್ಲಿ ಇರುತ್ತದೆ.

ಟ್ರೆಡ್ಡಿನಲ್ಲಿ ಉಬ್ಬು ಬಂದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ನಿಧಾನಕ್ಕೆ ಹೋಗುವಾಗ ಸ್ಟೇರಿಂಗಿನಲ್ಲಿ, ಸೀಟಿನಲ್ಲಿ ಲಯಬದ್ಧವಾಗಿ ದಬ್ ದಬ್ ಅಂತ ಬಡಿಯುತ್ತದೆ. ಬೆಲ್ಟ್ ಬಿಡುತ್ತಿದೆ ಅಂತ ಅರ್ಥ. ರೀಟ್ರೆಡ್ ಟೈರಿನಲ್ಲಿ (ಹಳೇ ಟೈರಿಗೆ ಹೊಸ ಟ್ರೆಡ್ ಕೂರಿಸಿದ್ದು) ಅಂಚು ತುಟಿಯ ಹಾಗೆ ಬಿಟ್ಟುಕೊಂಡಿದ್ದರೆ ಅದೂ ಇದೇ ಜಾತಿ. ಹೈವೇ ಮೇಲೆ ಹಾವಿನ ಪೊರೆಯ ಹಾಗೆ ಬಿದ್ದಿರುವ ಟ್ರೆಡ್ ಪಟ್ಟಿಗಳನ್ನು ನೋಡಿದ್ದೀರಲ್ವಾ? ಹಿಂದೆ ಬರುವ ಬೈಕಿನವನಿಗೆ ಅದು ಪ್ರಾಣಕ್ಕೇ ಬರಬಹುದು.

ಗಾಳಿ ಇಲ್ಲದೆ ಓಡಿದ ಟೈರು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸೀಳು, ಉಬ್ಬು ಕಣ್ಣಿಗೆ ಕಾಣುತ್ತವೆ. ಇದು ಹೊರಗಿನಿಂದ ಕಾಣುವುದಿಲ್ಲ. ಕಂಡಾಗ ತಡವಾಗಿರುತ್ತದೆ.

ಪಂಕ್ಚರ್ ಆಗಿ, ಗೊತ್ತಾಗದೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಟೈರಿನಲ್ಲಿ ಸೈಡು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಆಗಿರುತ್ತದೆ. ಕೈಯಲ್ಲಿ ಬೈಂಡಿಂಗ್ ತಂತಿಯನ್ನು ಹತ್ತು ಸಲ ಬಗ್ಗಿಸಿದರೆ ತುಂಡಾಗುತ್ತದಲ್ಲ, ಹಾಗೆಯೇ ಒಳಗಿನ ತಂತಿಗಳು ಸೊರಗಿರುತ್ತವೆ. ಪಂಕ್ಚರ್ ಹಾಕಿ ಗಾಳಿ ಹಿಡಿಸುವಾಗ, ಕೆಲವೊಮ್ಮೆ ಗಾಳಿ ಪೂರ್ತಿ ತುಂಬುವ ಮೊದಲೇ, ಆ ಸಾಲಿನ ತಂತಿಗಳು ಒಂದಾದ ಮೇಲೊಂದು ಹರಿದು ಸೈಡು ಜಿಪ್ ಬಿಚ್ಚಿದ ಹಾಗೆ ಸೀಳಿಕೊಳ್ಳುತ್ತದೆ. ಎದುರಿಗೆ ಇದ್ದವರು ಬದುಕುವುದು ಕಷ್ಟ.

ಉಕ್ಕಿನ ರೇಡಿಯಲ್ಲಿಗೆ ಟೈರಿನವರು ಇಟ್ಟುಕೊಂಡಿರುವ ಅಳತೆ ಹೀಗಿದೆ. ಇರಬೇಕಾದ ಗಾಳಿಯ ಶೇಕಡಾ 80ಕ್ಕಿಂತ ಕಡಿಮೆಯಲ್ಲಿ ಓಡಿದ್ದರೆ ಅದು ಗಾಳಿ ಇಲ್ಲದೆ ಓಡಿದ ಟೈರು ಅಂತಲೇ ಲೆಕ್ಕ. 120 ಪೌಂಡಿನ ಟೈರಿನಲ್ಲಿ 96ಕ್ಕಿಂತ ಕಡಿಮೆ. ಪೂರ್ತಿ ಚಪ್ಪಟೆ ಆಗಿರಲೇಬೇಕು ಅಂತಿಲ್ಲ. ಅಂಥ ಟೈರಿಗೆ ಮೇಲಿಂದ ಮೇಲೆ ಗಾಳಿ ಹೊಡೆಸಿಕೊಂಡು ಹೋಗಬೇಡಿ. ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡಿ.

ಒಳಗೆ ಕೈ ಹಾಕಿದಾಗ ಕಾಫಿ ಪುಡಿಯ ಹಾಗೆ ಕಪ್ಪು ರಬ್ಬರ್ ಪುಡಿ ಉದುರಿದರೆ, ಟೈರು ಒಳಗೊಳಗೇ ಸವೆದಿದೆ. ಒಳಪದರದಲ್ಲಿ ಸುತ್ತಲೂ ಸುಕ್ಕುಗಟ್ಟಿದ ಪಟ್ಟೆ, ನೀಲಿಯಾಗಿ ಬಣ್ಣ ತಿರುಗಿದ ಜಾಗ, ಸುಟ್ಟ ವಾಸನೆ ಇವೆಲ್ಲ ಅದನ್ನೇ ಹೇಳುತ್ತವೆ. ಸೈಡನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ. ಒಂದು ಕಡೆ ಗಟ್ಟಿ, ಒಂದು ಕಡೆ ಚಪಾತಿ ಹಿಟ್ಟಿನ ಹಾಗೆ ಮೆತ್ತಗೆ ಬಗ್ಗಿದರೆ ಆ ಟೈರಿನ ಕಥೆ ಮುಗಿಯಿತು.

ಒಳಗೆ ಚೆನ್ನಾಗಿದೆ ಅನ್ನಿಸಿದರೂ ಮೊದಲ ಸಲ ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗೇ ಆಗಬೇಕು. ಉದ್ದ ಪೈಪು, ತಾನೇ ಕಚ್ಚಿಕೊಳ್ಳುವ ಕ್ಲಿಪ್ ಇರಬೇಕು. ತುಂಬುವವರು ಪಕ್ಕಕ್ಕೆ, ದೂರ ನಿಲ್ಲಬೇಕು. ಮೊದಲು 20 ಪೌಂಡ್ ತುಂಬಿ ನಿಲ್ಲಿಸಿ, ಉಬ್ಬು ಬಂತಾ ನೋಡಿ, ಕಿವಿ ಕೊಡಿ. ಒಳಗಿನಿಂದ ಚಟ್ ಚಟ್ ಅಂತ ಸದ್ದು ಬಂದರೆ ಅದು ತಂತಿ ಹರಿಯುವ ಸದ್ದು. ಹತ್ತಿರ ಹೋಗದೆ ದೂರದಿಂದಲೇ ಗಾಳಿ ಬಿಡಬೇಕು. ನಮ್ಮ ಹೈವೇ ಪಕ್ಕದ ಎಷ್ಟೋ ಅಂಗಡಿಗಳಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು ಟೈರಿನ ಮೇಲೆ ಕಾಲಿಟ್ಟುಕೊಂಡು, ಕೆಲವರು ಕೂತೇಬಿಟ್ಟು ಗಾಳಿ ಹಿಡಿಸುತ್ತಾರೆ. ನೋಡಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ. ಪಂಜರ ಇಲ್ಲದ ಅಂಗಡಿಯಲ್ಲಿ ನಾನು ಈಗ ಅಂಥ ಟೈರಿಗೆ ಗಾಳಿ ಹಿಡಿಸುವುದೇ ಇಲ್ಲ. ಸ್ಟೆಪ್ನಿ ಹಾಕಿಕೊಂಡು ಊರಿಗೆ ಬರುತ್ತೇನೆ.

ಲಾಕ್ ರಿಂಗ್ (ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಕಬ್ಬಿಣದ ಬಳೆ) ಇರುವ ಹಳೇ ರಿಮ್ ಆದರೆ ಇನ್ನೊಂದು ಎಚ್ಚರ. ವೀಲ್ ನಟ್ ಸಡಿಲಿಸುವ ಮೊದಲು ಒಳಟೈರು, ಹೊರಟೈರು ಎರಡರ ವಾಲ್ವ್ ಪಿನ್ನೂ ಬಿಚ್ಚಿ ಗಾಳಿ ಪೂರ್ತಿ ಇಳಿಸಿ. ರಿಂಗ್ ಹಾರಿದರೆ ಮನುಷ್ಯನ ಮೇಲೇ ಬರುತ್ತದೆ.

ಜೋಡಿ ಚಕ್ರದ ಒಳಟೈರು

ನಾವು ನೋಡದೇ ಬಿಡುವ ಟೈರು ಇದೇ. ಕ್ಲೀನರ್ ಲಿವರ್ ತಗೊಂಡು ಟೈರಿಗೆ ಬಾರಿಸುತ್ತಾನೆ, ಸದ್ದು ಚೆನ್ನಾಗಿ ಬಂತು ಅಂತ ಹತ್ತಿ ಕೂರುತ್ತಾನೆ. ಪೂರ್ತಿ ಗಾಳಿ ಹೋದ ಟೈರು ಹಾಗೆ ಗೊತ್ತಾಗುತ್ತದೆ, ಸರಿ. ಆದರೆ 120ಕ್ಕೂ 80ಕ್ಕೂ ಸದ್ದಿನಲ್ಲಿ ವ್ಯತ್ಯಾಸ ಹಿಡಿಯುವ ಕಿವಿ ಯಾರಿಗೂ ಇಲ್ಲ. ಗೇಜ್ ಹಾಕಲೇಬೇಕು. ಒಳಟೈರಿನ ವಾಲ್ವಿಗೆ ಉದ್ದ ಮಾಡುವ ಪೈಪು ಹಾಕಿಸಿಕೊಂಡರೆ ಗೇಜ್ ಹಾಕಲು ಬೇಜಾರಾಗುವುದಿಲ್ಲ.

ಎರಡು ಟೈರಿನ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆದ ಮೇಲೆ ಎರಡರ ಒಳಸೈಡನ್ನೂ ಬೆರಳಾಡಿಸಿ ನೋಡಿ. ಕಲ್ಲು ಒಂದನ್ನೇ ಕೊಯ್ಯುವುದಿಲ್ಲ. ಲೋಡಿನಲ್ಲಿ ಎರಡೂ ಟೈರು ಕೆಳಗೆ ಒಂದಕ್ಕೊಂದು ಉಜ್ಜುತ್ತಿದ್ದರೆ ಗಾಳಿ ಕಡಿಮೆ ಇದೆ, ಇಲ್ಲವೇ ಲೋಡ್ ಜಾಸ್ತಿ ಇದೆ.

ಒಂದು ಟೈರು ಹೋದರೂ ಇನ್ನೊಂದರ ಮೇಲೆ ಅಂಗಡಿವರೆಗೆ ಹೋಗಿಬಿಡೋಣ ಅನ್ನುವವರಿಗೆ ಈ ಲೆಕ್ಕ. ಟೈರಿನ ಸೈಡಿನಲ್ಲಿ 146/143 ಅಂತ ಬರೆದಿದ್ದರೆ, ಒಂಟಿಯಾಗಿ 3000 ಕಿಲೋ, ಜೋಡಿಯಲ್ಲಿ ತಲಾ 2725 ಕಿಲೋ ಹೊರುವ ಶಕ್ತಿ ಅಂತ ಅರ್ಥ. ಜೋಡಿ ಪೂರ್ತಿ ಹೊತ್ತಿದ್ದ 5450 ಕಿಲೋ ಈಗ 3000 ಕಿಲೋದ ಟೈರಿನ ಮೇಲೆ. ಗುಯಿಲಾಳು ಟೋಲ್ ದಾಟಿ ಹಿರಿಯೂರಿಗೆ ಹೋದರಾಯಿತು ಅಂತ ಹೊರಟವರು ದಾರಿಯಲ್ಲೇ ಎರಡನೆಯದನ್ನೂ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಆ ಎರಡನೇ ಟೈರು ಹೊಡೆಯದೇ ಉಳಿದರೂ ಅದನ್ನು ಬಿಚ್ಚಿಸಿ ಒಳಗೆ ನೋಡಬೇಕು. ಅದೂ ಪೆಟ್ಟು ತಿಂದ ಟೈರೇ.

ಮೊಳೆ, ಪಂಕ್ಚರು, ಗೇಟರ್

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಕಂಡ ಕೂಡಲೇ ಕೀಳಬೇಡಿ. ಅದೇ ಬಿರಡೆಯಾಗಿ ಗಾಳಿ ಹಿಡಿದಿರುತ್ತದೆ. ಗೇಜ್ ನೋಡಿಕೊಂಡು ಅಂಗಡಿಗೆ ಹೋಗಿ. ಹೊರಗಿನಿಂದ ಬತ್ತಿ ತುರುಕುವುದು ಊರು ಸೇರಲು ಮಾತ್ರ. ಸರಿಯಾದ ರಿಪೇರಿ ಅಂದರೆ ಟೈರು ಬಿಚ್ಚಿ, ತೂತಿಗೆ ರಬ್ಬರ್ ತುಂಬಿ, ಒಳಗಿನಿಂದ ಪ್ಯಾಚ್ ಹಾಕುವುದು. ಅದೂ ಟ್ರೆಡ್ಡಿನ ನಡುಭಾಗದಲ್ಲಿ, ತೂತು 10 ಮಿಲಿಮೀಟರಿಗಿಂತ ಚಿಕ್ಕದಿದ್ದರೆ. ಭುಜದಲ್ಲಿ (ಟ್ರೆಡ್ಡೂ ಸೈಡೂ ಸೇರುವ ಅಂಚು), ಸೈಡಿನಲ್ಲಿ ಮೊಳೆ ಹೊಕ್ಕಿದ್ದರೆ ಈ ರಿಪೇರಿ ನಿಲ್ಲುವುದಿಲ್ಲ, ಅಲ್ಲಿ ಟೈರು ಬಗ್ಗುತ್ತಲೇ ಇರುತ್ತದೆ.

ಟ್ಯೂಬ್ ಟೈರಿಗೆ ಒಳಗೆ ಗೇಟರ್ (ತೂತಿಗೆ ಒಳಗಿನಿಂದ ಅಡ್ಡ ಇಡುವ ಹಳೇ ಟೈರಿನ ತುಂಡು) ಕೂರಿಸಿ ಓಡಿಸುವುದು ನಮ್ಮಲ್ಲಿ ರೂಢಿ. ಚಿತ್ರದುರ್ಗದಲ್ಲಿ ನನಗೆ ಪರಿಚಯದ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಒಂದು ಸಲ ಹೇಳಿದರು: "ಗೇಟರ್ ತೂತು ಮುಚ್ತದೆ ಕಣಪ್ಪ, ತಂತಿ ಕಟ್ಟಲ್ಲ." ಟ್ರೆಡ್ಡಿನ ಸಣ್ಣ ತೂತಿಗೆ, ಹಿಂದಿನ ಚಕ್ರಕ್ಕೆ, ಕಡಿಮೆ ದೂರಕ್ಕೆ ಒಪ್ಪೋಣ. ಅದರ ಅಂಚು ಟ್ಯೂಬನ್ನು ಉಜ್ಜುತ್ತದೆ, ಆ ಜಾಗ ಬಿಸಿಯಾಗುತ್ತದೆ ಅನ್ನುವುದು ನೆನಪಿರಲಿ. ಸೈಡ್ ಕಟ್ಟಿಗೆ ಗೇಟರ್ ಹಾಕಿದ ಟೈರನ್ನು ನಾನು ಒಪ್ಪುವುದಿಲ್ಲ.

ಬಿಸಿ, ವಯಸ್ಸು, ಸವೆತ

ನಿಲ್ಲಿಸಿದಾಗಲೆಲ್ಲ ಎಲ್ಲ ಟೈರನ್ನೂ ಅಂಗೈ ಹಿಂಭಾಗದಿಂದ ಮುಟ್ಟಿ ನೋಡುವ ಅಭ್ಯಾಸ ಒಳ್ಳೆಯದು. ಎಲ್ಲವೂ ಬಿಸಿ ಇದ್ದರೆ ಬಿಸಿಲು, ಓಟ. ಒಂದೇ ಟೈರು ಬೇರೆಯದಕ್ಕಿಂತ ಜಾಸ್ತಿ ಸುಡುತ್ತಿದ್ದರೆ ಕಾರಣ ಹುಡುಕಿ: ಗಾಳಿ ಕಡಿಮೆಯೋ, ಒಳಗೆ ಪದರ ಬಿಟ್ಟಿದೆಯೋ, ಬ್ರೇಕ್ ಹಿಡಿದುಕೊಂಡಿದೆಯೋ, ಬೇರಿಂಗ್ ಹೋಗಿದೆಯೋ. ಹಬ್ ಟೈರಿಗಿಂತ ಜಾಸ್ತಿ ಬಿಸಿ ಇದ್ದರೆ ದೋಷ ಟೈರಿನದ್ದಲ್ಲ. ಚಳ್ಳಕೆರೆ, ಹಿರಿಯೂರು ಕಡೆ ಏಪ್ರಿಲ್ ಮಧ್ಯಾಹ್ನ ಓಡಿದ ಟೈರಿನಲ್ಲಿ ಗೇಜ್ 15 ಪೌಂಡ್ ಜಾಸ್ತಿ ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಬಿಡಬೇಡಿ. ಟೈರು ತಣ್ಣಗಾದಾಗ ಅದು ಕಡಿಮೆ ಗಾಳಿಯ ಟೈರಾಗಿರುತ್ತದೆ.

ಟೈರಿನ ವಯಸ್ಸು ಸೈಡಿನ ನಾಲ್ಕು ಅಂಕಿಯಲ್ಲಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಸ್ಟೆಪ್ನಿಯಲ್ಲಿ ಇದನ್ನು ನೋಡಲೇಬೇಕು. ಟ್ರೆಡ್ ಹೊಸದರ ಹಾಗಿದ್ದರೂ ವರ್ಷಗಟ್ಟಲೆ ಬಿಸಿಲಿಗೆ ನೇತಾಡಿ ಸೈಡು ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಉಗುರಿನ ತುದಿ ಒಳಗೆ ಇಳಿಯುವಷ್ಟು ಆಗಿದ್ದರೆ ಲೋಡಿಗೆ ಬೇಡ.

ಸವೆತಕ್ಕೆ ಕಾನೂನಿನ ಗಡಿ ಲಾರಿಗೆ 1.6 ಮಿಲಿಮೀಟರ್. ಟ್ರೆಡ್ಡಿನ ಕಾಲುವೆಗಳ ತಳದಲ್ಲಿ ಅಡ್ಡಕ್ಕೆ ಇರುವ ಸಣ್ಣ ದಿಣ್ಣೆಗೆ ಟ್ರೆಡ್ ಸಮ ಆದರೆ ಆ ಗಡಿ ಬಂತು. ಮುಂದಿನ ಟೈರನ್ನು ನಾನು 3 ಮಿಲಿಮೀಟರಿಗೇ ಹಿಂದಕ್ಕೆ ಹಾಕುತ್ತೇನೆ. ಮುಂದಿನ ಚಕ್ರದಲ್ಲಿ ಸೀಳು ಬಿದ್ದದ್ದು, ಗೇಟರ್ ಹಾಕಿದ್ದು, ರೀಟ್ರೆಡ್ ಯಾವುದೂ ಬೇಡ. ಹಿಂದೆ ಹೊಡೆದರೆ ಜೊತೆಗೆ ಇನ್ನೊಂದು ಟೈರಿದೆ. ಮುಂದೆ ಹೊಡೆದರೆ ಸ್ಟೇರಿಂಗ್ ಆ ಕಡೆಗೇ ಎಳೆಯುತ್ತದೆ. ಹಾಗಾದರೆ ಬ್ರೇಕ್ ತುಳಿಯಬೇಡಿ. ಸ್ಟೇರಿಂಗ್ ಬಿಗಿಯಾಗಿ ನೆಟ್ಟಗೆ ಹಿಡಿದು, ಗಾಡಿ ತಾನೇ ನಿಧಾನ ಆದ ಮೇಲೆ ಪಕ್ಕಕ್ಕೆ ತನ್ನಿ.

ಭರಮಸಾಗರದ ಆ ಟೈರು

ಸ್ಟೆಪ್ನಿ ಹಾಕಿ ಹೊರಟವರು ಚಿತ್ರದುರ್ಗ ದಾಟಿ ಐವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ವೀಲ್ ನಟ್ ಮತ್ತೆ ಬಿಗಿ ಮಾಡಿದೆವು. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಇದನ್ನು ಮಾಡಲೇಬೇಕು. ಲೋಡ್ ಇಳಿಸಿ ವಾಪಸ್ ಬಂದು ಟೈರು ಬಿಚ್ಚಿಸಿದೆ. ಹೊರಗೆ ಕಿರುಬೆರಳಷ್ಟಿದ್ದ ಸೀಳಿನ ಎದುರಿಗೆ, ಒಳಗೆ ಮೂರು ಬೆರಳು ಅಗಲಕ್ಕೆ ಒಳಪದರ ಮೇಲೆದ್ದಿತ್ತು. ಅಂಗಡಿಯವರು ಬ್ಲೇಡಿನಿಂದ ಬಿಡಿಸಿ ತೋರಿಸಿದರು. ನಾಲ್ಕು ತಂತಿ ತುಂಡಾಗಿದ್ದವು, ಎರಡರ ತುದಿ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಡ್ರೈವರ್ ಆ ತುದಿಗಳನ್ನು ಮುಟ್ಟಿ ನೋಡಿ ಏನೂ ಮಾತಾಡಲಿಲ್ಲ.

ಅಲ್ಲೇ ನಿಂತಿದ್ದ ನಮ್ಮೂರಿನವರೊಬ್ಬರು ಎತ್ತಿನ ಗಾಡಿಗೆ ಕೇಳಿದರು. ಕೊಡಲಿಲ್ಲ. ಗಾಡಿ ನಿಧಾನಕ್ಕೇ ಹೋಗಬಹುದು, ಆದರೆ ಅದಕ್ಕೂ ಯಾರೋ ಒಬ್ಬ ಹುಡುಗ ಪಕ್ಕದಲ್ಲಿ ಕೂತು ಗಾಳಿ ಹಿಡಿಸಬೇಕಲ್ಲ. ಸುಮ್ನೆ ಗುಜರಿಗೆ ಹಾಕಿದರೂ ಮೇಲೆ ಬಣ್ಣ ಹಚ್ಚಿ, ಟ್ರೆಡ್ ಕೆತ್ತಿ ಮತ್ತೆ ಯಾರಿಗೋ ಮಾರಿಬಿಡುತ್ತಾರೆ. ಎರಡೂ ಸೈಡನ್ನು ಚಾಕುವಿನಿಂದ ಉದ್ದಕ್ಕೆ ಕೊಯ್ಯಿಸಿ, ಯಾವ ರಿಮ್ಮಿಗೂ ಬಾರದ ಹಾಗೆ ಮಾಡಿಯೇ ಗುಜರಿಗೆ ಕೊಟ್ಟೆ.